ಹುಟ್ಟೂರು ಕೇಳಿ ಗುಣ ಹೇಳುವವರಿಗೆ

ನಮ್ಮ ದ್ವಿತೀಯ ಪಿಯುಸಿ ವಿಜ್ಞಾನ ವಿಭಾಗದ ವಾಟ್ಸ್ಆ್ಯಪ್ ಗುಂಪಿನಲ್ಲಿ ಈ ವರ್ಷ ಪರೀಕ್ಷೆಗಿಂತ ಹೆಚ್ಚು ಚರ್ಚೆಯಾಗುತ್ತಿರುವುದು ಬೆಕ್ಕಿನ ವಿಷಯ. ಒಬ್ಬನಿಗೆ ಪರ್ಷಿಯನ್ ಬೇಕು, ಇನ್ನೊಬ್ಬಳಿಗೆ ಮೇನ್ ಕೂನ್. ಕಳೆದ ತಿಂಗಳಿಂದ ಎಲ್ಲರ ಬಾಯಲ್ಲೂ ಹೊಸದೊಂದು ಹೆಸರು ಓಡಾಡುತ್ತಿದೆ: ಟರ್ಕಿಶ್ ವಾನ್. (ಮಾರುತಿ ವ್ಯಾನ್ ಅಲ್ಲ, ವಾನ್. ಪೂರ್ವ ಟರ್ಕಿಯ ಒಂದು ಪಟ್ಟಣ, ಒಂದು ಸರೋವರ.) ಗುಂಪಿನಲ್ಲಿ ಹರಿದಾಡಿದ ವಿಡಿಯೊ ಹೇಳುವುದು ಇಷ್ಟು: ಈ ಬೆಕ್ಕು ನೂಹ್ ನಬಿ(ಅ)ಯವರ ಹಡಗಿನಿಂದ ಇಳಿದು ಈಜುತ್ತಾ ದಡ ಸೇರಿತು, ಅದಕ್ಕೇ ಅದಕ್ಕೆ ಇವತ್ತಿಗೂ ನೀರೆಂದರೆ ಪ್ರೀತಿ, ಅದರ ಭುಜಗಳ ನಡುವಿನ ಮಚ್ಚೆ ಅಲ್ಲಾಹನ ಹೆಬ್ಬೆರಳ ಗುರುತು, ಅದು ಹುಟ್ಟಿನಿಂದಲೇ ನಿಯತ್ತಿನ ಪ್ರಾಣಿ.

ಎಷ್ಟು ಚಂದದ ಕಥೆ! ಆದರೆ ಇದರಲ್ಲಿರುವ ಬಹುಪಾಲು ಮಾತು ಬೆಕ್ಕಿನದ್ದಲ್ಲ, ಮನುಷ್ಯರದ್ದು. ಅದನ್ನು ಬಿಡಿಸಿ ಹೇಳಬೇಕೆಂದೇ ಈ ಬರಹ.

ಮೊದಲು ಬೆಕ್ಕನ್ನು ನೋಡೋಣ. ವಾನ್ ಮಧ್ಯಮ ಉದ್ದದ ಕೂದಲಿನ ಬೆಕ್ಕು. ಪರ್ಷಿಯನ್ ಬೆಕ್ಕಿನ ಹಾಗೆ ಮೈಮೇಲೆ ಹತ್ತಿಯ ಹಾಸಿಗೆ ಹೊದ್ದುಕೊಂಡಿರುವುದಿಲ್ಲ. ಒಳಪದರದ ದಟ್ಟ ತುಪ್ಪಳ ಬಹಳ ಕಡಿಮೆ, ಹೊರಗಿನ ಕೂದಲು ರೇಷ್ಮೆಯಂತೆ ನುಣುಪು. ಚಳಿಗಾಲದಲ್ಲಿ ಕುತ್ತಿಗೆಯ ಸುತ್ತ ಮಫ್ಲರ್ ಹಾಕಿದ ಹಾಗೆ ಕೂದಲು ಬೆಳೆಯುತ್ತದೆ. ಬೇಸಿಗೆಯಲ್ಲಿ ಅದೆಲ್ಲ ಉದುರಿ, ದೂರದಿಂದ ನೋಡಿದರೆ ಸಾಮಾನ್ಯ ಗಿಡ್ಡ ಕೂದಲಿನ ಬೆಕ್ಕಿನಂತೆಯೇ ಕಾಣುತ್ತದೆ, ಬಾಲವೊಂದನ್ನು ಬಿಟ್ಟು. ವಾನ್ ಸರೋವರ ಸಮುದ್ರಮಟ್ಟದಿಂದ ಸುಮಾರು 1640 ಮೀಟರ್ ಎತ್ತರದಲ್ಲಿದೆ. ಅಲ್ಲಿ ಚಳಿಗಾಲದಲ್ಲಿ ಹಿಮ, ಬೇಸಿಗೆಯಲ್ಲಿ ಒಳ್ಳೆಯ ಬಿಸಿಲು. ಎರಡಕ್ಕೂ ಒಗ್ಗುವ ಕೋಟು ಅದು. ಕರಾವಳಿಯ ಏಪ್ರಿಲ್ ತಿಂಗಳ ಸೆಕೆಗೆ ಅಲ್ಲ.

ನೂಹ್ ನಬಿಯವರ ಹಡಗಿನ ಕಥೆಗೆ ಬರೋಣ. ವಿಡಿಯೊದಲ್ಲಿ ಹಡಗು ನಿಂತ ಜಾಗ ಅರಾರತ್ ಪರ್ವತ. ಅದು ಬೈಬಲ್ ಪರಂಪರೆಯ ಹೆಸರು. ಕುರ್‌ಆನಿನಲ್ಲಿ, ಸೂರಃ ಹೂದ್‌ನಲ್ಲಿ, ಬರುವ ಹೆಸರು ಜೂದಿ. ಆ ಹೆಸರಿನ ಬೆಟ್ಟ ವಾನ್ ಸರೋವರದಿಂದ ದಕ್ಷಿಣಕ್ಕೆ, ಸಿರಿಯಾ ಮತ್ತು ಇರಾಕ್ ಗಡಿಯ ಹತ್ತಿರ ಇದೆ. ಅರಾರತ್ ಇರುವುದು ಉತ್ತರ-ಪೂರ್ವಕ್ಕೆ. ಮದ್ರಸದಲ್ಲಿ ಹತ್ತು ವರ್ಷ ಕೂತ ನಾವು ವಿಡಿಯೊ ನೋಡುವಾಗ ಜೂದಿಯನ್ನು ಮರೆತು ಅರಾರತ್‌ಗೆ ಸುಭಾನಲ್ಲಾಹ್ ಹೇಳಿ ಫಾರ್ವರ್ಡ್ ಮಾಡಿದೆವು! ಇನ್ನು ನಮ್ಮ ಹಳೆಯ ಇತಿಹಾಸ ಗ್ರಂಥಗಳಲ್ಲೂ ಹಡಗಿನ ಬೆಕ್ಕಿನ ಒಂದು ಕಥೆ ಇದೆ. ಹಡಗಿನಲ್ಲಿ ಇಲಿಗಳ ಕಾಟ ಹೆಚ್ಚಾಯಿತು, ಆಗ ಸಿಂಹ ಸೀನಿತು, ಮೂಗಿನಿಂದ ಬೆಕ್ಕು ಹೊರಬಿತ್ತು ಎಂಬ ಕಥೆ. ಇಂಥವನ್ನು ಉಲಮಾಗಳು ಇಸ್ರಾಈಲಿಯ್ಯಾತ್ ಎಂದು ಬೇರೆ ಇಟ್ಟಿದ್ದಾರೆ. ಕೇಳಲು ಚೆನ್ನ, ದೀನಿಗೆ ಆಧಾರವಲ್ಲ. ಸಿಂಹದ ಸೀನು ನನಗೂ ಬಹಳ ಇಷ್ಟ. ಆದರೆ ಬೆಕ್ಕಿನ ಭುಜದ ಮೇಲೆ ಅಲ್ಲಾಹನ ಹೆಬ್ಬೆರಳು ಎನ್ನುವ ಮಾತಿದೆಯಲ್ಲ, ಅದನ್ನು ಇಷ್ಟು ಹಗುರವಾಗಿ ತೆಗೆದುಕೊಳ್ಳಲಾಗುವುದಿಲ್ಲ. ಸೃಷ್ಟಿಕರ್ತನಿಗೆ ಮನುಷ್ಯನ ಬೆರಳು ಅಂಟಿಸುವುದು ನಮ್ಮ ವಿಶ್ವಾಸಕ್ಕೆ ಹೊಂದುವುದಿಲ್ಲ. ಬೆಕ್ಕು ಮಾರುವ ಉತ್ಸಾಹದಲ್ಲಿ ಹುಟ್ಟಿದ ಮಾತನ್ನು ಈಮಾನಿನ ಮಾತು ಎಂದುಕೊಳ್ಳಬಾರದು.

ಆ ಮಚ್ಚೆಗೆ ನಮ್ಮ ಜೀವಶಾಸ್ತ್ರದ ಪುಸ್ತಕದ ಮಟ್ಟದಲ್ಲೇ ಉತ್ತರವಿದೆ. ಚರ್ಮಕ್ಕೂ ಕೂದಲಿಗೂ ಬಣ್ಣ ಕೊಡುವ ಜೀವಕೋಶಗಳು ಭ್ರೂಣದ ಬೆನ್ನುಹುರಿಯ ಪಕ್ಕದಿಂದ ಹೊರಟು ಮೈಯೆಲ್ಲ ಹರಡಬೇಕು. ಕಿಟ್ ಎಂಬ ಜೀನಿನಲ್ಲಿ ಒಂದು ಬದಲಾವಣೆ ಇದ್ದರೆ ಅವು ಎಲ್ಲ ಕಡೆ ತಲುಪುವುದಿಲ್ಲ. ತಲುಪದ ಜಾಗ ಬೆಳ್ಳಗೆ ಉಳಿಯುತ್ತದೆ. ಈ ಬಿಳುಪು ಅತಿಯಾದಾಗ ಬಣ್ಣ ಉಳಿಯುವುದು ನೆತ್ತಿಯ ಮೇಲೆ ಮತ್ತು ಬಾಲದಲ್ಲಿ ಮಾತ್ರ. ಒಮ್ಮೊಮ್ಮೆ ಭುಜದ ನಡುವೆ ಒಂದು ಚುಕ್ಕೆ. ಈ ವಿನ್ಯಾಸಕ್ಕೆ ಜಗತ್ತಿನಾದ್ಯಂತ ಈಗ ‘ವಾನ್ ಪ್ಯಾಟರ್ನ್’ ಎಂದೇ ಹೆಸರು. ಅದು ಯಾವ ಬೆಕ್ಕಿನಲ್ಲೂ ಬರಬಹುದು, ಬರುತ್ತದೆ ಕೂಡ. ನಮ್ಮ ಮೀನು ಮಾರುಕಟ್ಟೆಯಲ್ಲಿ ಬಂಗುಡೆಯ ತಲೆಗಾಗಿ ಕಾದು ಕೂರುವ ಬೆಕ್ಕುಗಳನ್ನು ಒಮ್ಮೆ ಲೆಕ್ಕ ಹಾಕಿ ನೋಡಿ.

ಉದ್ದ ಕೂದಲಿನ ಕಥೆಯೂ ಹೀಗೇ. ಎಫ್‌ಜಿಎಫ್-5 ಎಂಬ ಜೀನು ಕೂದಲು ಎಲ್ಲಿಗೆ ಬೆಳೆದು ನಿಲ್ಲಬೇಕು ಎನ್ನುವುದನ್ನು ನಿರ್ಧರಿಸುತ್ತದೆ. ಅದು ಕೆಟ್ಟರೆ ಕೂದಲು ಬೆಳೆಯುತ್ತಲೇ ಹೋಗುತ್ತದೆ. ಉದ್ದ ಕೂದಲು ಅಪ್ರಬಲ ಲಕ್ಷಣ, ಅಂದರೆ ಎರಡೂ ಕಡೆಯಿಂದ ಬಂದರೆ ಮಾತ್ರ ಕಾಣುತ್ತದೆ. ಮೆಂಡಲನ ಬಟಾಣಿಯ ಲೆಕ್ಕ ಮಾಡಿದವರಿಗೆ ಉಳಿದದ್ದು ತಾನಾಗಿ ಹೊಳೆಯುತ್ತದೆ: ಗಿಡ್ಡ ಕೂದಲಿನ ಎರಡು ಬೀದಿ ಬೆಕ್ಕುಗಳಿಗೆ, ಎರಡೂ ಆ ಜೀನನ್ನು ಹೊತ್ತಿದ್ದರೆ, ನಾಲ್ಕರಲ್ಲಿ ಒಂದರ ಸಾಧ್ಯತೆಯಲ್ಲಿ ಉದ್ದ ಕೂದಲಿನ ಮರಿ ಹುಟ್ಟುತ್ತದೆ. ಆ ಮರಿಯನ್ನು ಸ್ನಾನ ಮಾಡಿಸಿ, ಒಣಗಿಸಿ, ಬಾಚಿ ಫೋಟೊ ತೆಗೆದರೆ ‘ಪರ್ಷಿಯನ್’ ಆಗುತ್ತದೆ. ನಾಳೆಯಿಂದ ‘ವಾನ್’ ಕೂಡ ಆಗುತ್ತದೆ. ಉದ್ದ ಕೂದಲು ಬೇರೆ, ತಳಿ ಬೇರೆ. ತಳಿ ಎಂದರೆ ನೋಂದಣಿ ಪುಸ್ತಕ.

ಆ ಪುಸ್ತಕ ಹೇಗೆ ಬರೆಯಲ್ಪಟ್ಟಿತು ಎನ್ನುವುದೇ ನನಗೆ ಈ ಇಡೀ ವಿಷಯದಲ್ಲಿ ಅತ್ಯಂತ ಕುತೂಹಲ ಹುಟ್ಟಿಸಿದ ಭಾಗ. 1955ರಲ್ಲಿ ಲಾರಾ ಲಷಿಂಗ್ಟನ್ ಮತ್ತು ಸೋನಿಯಾ ಹ್ಯಾಲಿಡೇ ಎಂಬ ಇಬ್ಬರು ಬ್ರಿಟಿಷ್ ಮಹಿಳೆಯರು ಛಾಯಾಚಿತ್ರ ತೆಗೆಯಲೆಂದು ಟರ್ಕಿ ಸುತ್ತುತ್ತಿದ್ದರು. ಅವರಿಗೆ ಎರಡು ಬೆಕ್ಕಿನ ಮರಿ ಸಿಕ್ಕವು. ಹೆಣ್ಣು ಮರಿ ಸಿಕ್ಕಿದ್ದು ಸಿರಿಯಾದ ಗಡಿಯ ಹತಾಯ್ ಪ್ರಾಂತ್ಯದಲ್ಲಿ, ಗಂಡು ಮರಿ ಸಿಕ್ಕಿದ್ದು ಇಸ್ತಾಂಬುಲ್‌ನಲ್ಲಿ. 1959ರಲ್ಲಿ ಇನ್ನೆರಡನ್ನು ತಂದರು. ಅವು ಅಂತಾಲ್ಯ ಮತ್ತು ಬುರ್ದುರ್ ಊರಿನವು, ಅಂದರೆ ನೈಋತ್ಯ ಟರ್ಕಿಯವು. ಇಂಗ್ಲೆಂಡಿನಲ್ಲಿ ಇವುಗಳಿಂದಲೇ ವಂಶ ಬೆಳೆಯಿತು. 1969ರಲ್ಲಿ ಅಲ್ಲಿನ ಬೆಕ್ಕು ನೋಂದಣಿ ಸಂಸ್ಥೆಯ ಮಾನ್ಯತೆ ಸಿಕ್ಕಿತು. ಮೊದಲು ‘ಟರ್ಕಿಶ್ ಕ್ಯಾಟ್’ ಎಂದಿದ್ದದ್ದು ಆಮೇಲೆ ‘ಟರ್ಕಿಶ್ ವಾನ್’ ಆಯಿತು. ಈಗ ಭೂಪಟ ತೆಗೆದು ನೋಡಿ. ಇಸ್ತಾಂಬುಲ್, ಹತಾಯ್, ಅಂತಾಲ್ಯ, ಬುರ್ದುರ್: ಈ ನಾಲ್ಕರಲ್ಲಿ ಒಂದೂ ವಾನ್ ಅಲ್ಲ. ಇಸ್ತಾಂಬುಲ್‌ನಿಂದ ವಾನ್‌ಗೆ ಸಾವಿರ ಕಿಲೋಮೀಟರಿಗೂ ಹೆಚ್ಚು ದೂರ. ಲಷಿಂಗ್ಟನ್ ಅವರು ವಾನ್ ಪಟ್ಟಣವನ್ನು ಕಣ್ಣಾರೆ ಕಂಡದ್ದೇ 1963ರಲ್ಲಿ.

ಹಾಗಾದರೆ ವಾನ್ ಪಟ್ಟಣದಲ್ಲಿ ಬೆಕ್ಕು ಇರಲಿಲ್ಲವೇ? ಇತ್ತು, ಈಗಲೂ ಇದೆ. ಅಲ್ಲಿನವರು ‘ವಾನ್ ಕೆದಿಸಿ’ ಎಂದು ಕರೆಯುವ, ಮನೆಮನೆಯಲ್ಲಿ ಹೆಮ್ಮೆಯಿಂದ ಸಾಕುವ ಬೆಕ್ಕು ಪೂರ್ತಿ ಬಿಳಿ. ಒಂದು ಕಣ್ಣು ನೀಲಿ, ಇನ್ನೊಂದು ಜೇನಿನ ಬಣ್ಣ ಇರುವುದು ಅದರ ಹೆಗ್ಗುರುತು. ಪಟ್ಟಣದ ಪ್ರವೇಶದಲ್ಲಿ ತಾಯಿ ಬೆಕ್ಕು ಮತ್ತು ಮರಿಯ ದೊಡ್ಡ ಪ್ರತಿಮೆ ನಿಲ್ಲಿಸಿದ್ದಾರೆ, ಎರಡು ಬಣ್ಣದ ಕಣ್ಣುಗಳ ಸಮೇತ. ಅಲ್ಲಿನ ಯುಝುಂಜು ಯಿಲ್ ವಿಶ್ವವಿದ್ಯಾಲಯ ಈ ಬೆಕ್ಕಿಗಾಗಿಯೇ ಒಂದು ಸಂಶೋಧನಾ ಕೇಂದ್ರ ನಡೆಸುತ್ತಿದೆ. ಆದರೆ ಇಂಗ್ಲೆಂಡಿನಲ್ಲಿ ಬರೆದ ಲಕ್ಷಣಪಟ್ಟಿಯ ಪ್ರಕಾರ ಟರ್ಕಿಶ್ ವಾನ್‌ಗೆ ತಲೆಯಲ್ಲೂ ಬಾಲದಲ್ಲೂ ಬಣ್ಣ ಇರಬೇಕು. ಪೂರ್ತಿ ಬಿಳಿಯದನ್ನು ಅಲ್ಲಿ ಬೇರೆಯೇ ಹೆಸರಿನಲ್ಲಿ, ‘ಟರ್ಕಿಶ್ ವಾನ್‌ಕೆದಿಸಿ’ ಎಂದು, ಬೇರೆಯೇ ಪುಟದಲ್ಲಿ ಬರೆದುಕೊಂಡರು. ವಾನ್‌ನಿಂದ ಬಾರದ ಬೆಕ್ಕಿಗೆ ವಾನ್ ಎಂಬ ಹೆಸರು ಸಿಕ್ಕಿತು. ವಾನ್‌ನಲ್ಲೇ ಹುಟ್ಟಿ ಬೆಳೆದ ಬೆಕ್ಕು ತನ್ನ ಹೆಸರಿಗೆ ಬಾಲವೊಂದನ್ನು ಸೇರಿಸಿಕೊಳ್ಳಬೇಕಾಯಿತು. ನನ್ನ ಅಭಿಪ್ರಾಯ ಕೇಳಿದರೆ ಇದು ಆ ಇಬ್ಬರು ಮಹಿಳೆಯರ ತಪ್ಪಲ್ಲ. ಅವರು ಪ್ರೀತಿಯಿಂದ ಬೆಕ್ಕು ಸಾಕಿದರು, ಎಲ್ಲಿಂದ ತಂದೆವು ಎಂಬುದನ್ನು ಮುಚ್ಚಿಡಲೂ ಇಲ್ಲ. ರಿಜಿಸ್ಟರ್ ಯಾರ ಕೈಯಲ್ಲಿರುತ್ತದೋ ಅವರು ಬರೆದದ್ದೇ ಮೂಲವಾಗುವುದು ಬೆಕ್ಕುಗಳ ಲೋಕದಲ್ಲಿ ಮಾತ್ರ ನಡೆಯುವ ಸಂಗತಿಯೂ ಅಲ್ಲ.

ವಾನ್‌ನ ಒಳಗೂ ಜಗಳ ಮುಗಿದಿಲ್ಲ. ಬೆಕ್ಕು ಯಾರದ್ದು? ಟರ್ಕರು ನಮ್ಮದು ಎನ್ನುತ್ತಾರೆ. ಈಗ ಆ ಪ್ರಾಂತ್ಯದಲ್ಲಿ ಹೆಚ್ಚಿನ ಸಂಖ್ಯೆಯಲ್ಲಿರುವ ಕುರ್ದರು ನಮ್ಮದು ಎನ್ನುತ್ತಾರೆ. 1915ರವರೆಗೆ ವಾನ್ ಅರ್ಮೇನಿಯನ್ನರ ಬಹುದೊಡ್ಡ ನೆಲೆಯಾಗಿತ್ತು. ಯುದ್ಧ, ಹತ್ಯೆ, ಗಡೀಪಾರುಗಳಲ್ಲಿ ಅವರು ಅಲ್ಲಿಂದ ಇಲ್ಲವಾದರು, ಹಳೆಯ ಪಟ್ಟಣವೇ ಪಾಳುಬಿತ್ತು. ಇವತ್ತು ದೂರದಲ್ಲಿರುವ ಅವರ ಮೊಮ್ಮಕ್ಕಳು ಬಿಟ್ಟುಬಂದ ಊರಿನ ನೆನಪಾಗಿ ಆ ಬೆಕ್ಕನ್ನು ತಮ್ಮದೆನ್ನುತ್ತಾರೆ. ಇದು ಬರೀ ಬೆಕ್ಕಿನ ಜಗಳ ಎಂದು ನಗುವವರಿಗೆ ಒಂದು ಮಾಹಿತಿ: 2005ರಲ್ಲಿ ಟರ್ಕಿಯ ಪರಿಸರ ಸಚಿವಾಲಯ ಒಂದು ನರಿ, ಒಂದು ಕಾಡುಕುರಿ ಮತ್ತು ಒಂದು ಜಿಂಕೆಯ ವೈಜ್ಞಾನಿಕ ಹೆಸರುಗಳಿಂದ ‘ಕುರ್ದಿಸ್ತಾನ’ವನ್ನೂ ‘ಅರ್ಮೇನಿಯ’ವನ್ನೂ ತೆಗೆದುಹಾಕುವುದಾಗಿ ಘೋಷಿಸಿತು. ಕಾಡಿನ ನರಿಗೂ ಹೆಸರಿನ ತಿದ್ದುಪಡಿ! ನರಿ ಅರ್ಜಿ ಹಾಕಿರಲಿಲ್ಲ.

ನಿಜ ಹೇಳಬೇಕೆಂದರೆ ಸಾಕು ಬೆಕ್ಕುಗಳೆಲ್ಲದರ ಹುಟ್ಟೂರು ಹೆಚ್ಚುಕಡಿಮೆ ಒಂದೇ. 2007ರಲ್ಲಿ ಪ್ರಕಟವಾದ ಡಿಎನ್‌ಎ ಅಧ್ಯಯನದ ಪ್ರಕಾರ ಇವು ಪಶ್ಚಿಮ ಏಷ್ಯಾದ ಕಾಡುಬೆಕ್ಕಿನ ಸಂತತಿ. ಮನುಷ್ಯ ಧಾನ್ಯ ಕೂಡಿಡಲು ಕಲಿತ, ಇಲಿ ಬಂತು, ಇಲಿಯ ಹಿಂದೆ ಬೆಕ್ಕು ಬಂತು. ಸೈಪ್ರಸ್ ದ್ವೀಪದಲ್ಲಿ ಸುಮಾರು 9500 ವರ್ಷ ಹಿಂದಿನ ಒಂದು ಸಮಾಧಿಯಲ್ಲಿ ಮನುಷ್ಯನ ಪಕ್ಕದಲ್ಲೇ ಬೆಕ್ಕನ್ನು ಹೂಳಿದ್ದು ಸಿಕ್ಕಿದೆ. ನಮ್ಮ ಅಡುಗೆಮನೆಯ ಕಿಟಕಿಯಿಂದ ಇಣುಕುವ ಬೆಕ್ಕು ಕೂಡ ಅದೇ ಮನೆತನದ್ದು.

ಇನ್ನು ಗುಣದ ವಿಷಯ. ವಾನ್ ನೀರಿಗೆ ಹೆದರುವುದಿಲ್ಲ ಎನ್ನುವುದನ್ನು ಸಾಕಿದವರು ಅನೇಕರು ಹೇಳುತ್ತಾರೆ. ಎಲ್ಲ ವಾನ್‌ಗಳೂ ಈಜುತ್ತವೆ ಎಂದಲ್ಲ. ಕೆಲವು ನಲ್ಲಿಯ ನೀರಿನಲ್ಲಿ ಪಂಜ ಆಡಿಸಿ ಅಷ್ಟಕ್ಕೇ ತೃಪ್ತಿಪಡುತ್ತವೆ. ಸರೋವರದ ನೀರು ಸೋಡಾದಂತೆ ಕ್ಷಾರ. ಅಲ್ಲಿ ಬದುಕಲು ಒಗ್ಗಿದ ಇಂಜಿ ಕೆಫಾಲಿ ಎಂಬ ಮೀನು ಪ್ರತಿ ವಸಂತದಲ್ಲಿ ಮೊಟ್ಟೆಯಿಡಲು ಸಿಹಿನೀರಿನ ಹೊಳೆಗಳಿಗೆ ಹತ್ತಿ ಬರುತ್ತದೆ. ಹೊಳೆಯ ತುಂಬ ಮೀನು ತುಂಬಿಕೊಂಡು ಜಿಗಿಯುವಾಗ ಯಾವ ಊರಿನ ಬೆಕ್ಕಾದರೂ ಕಾಲು ಒದ್ದೆ ಮಾಡಿಕೊಳ್ಳದೆ ಇದ್ದೀತೇ ಎಂಬುದು ನನ್ನ ಅನುಮಾನ.

ಆದರೆ ವಿಡಿಯೊದ ‘ಹುಟ್ಟಿನಿಂದಲೇ ನಿಯತ್ತು’? ಫಿನ್‌ಲೆಂಡಿನ ಹೆಲ್ಸಿಂಕಿ ವಿಶ್ವವಿದ್ಯಾಲಯದವರು 2021ರಲ್ಲಿ 4300ಕ್ಕೂ ಹೆಚ್ಚು ಬೆಕ್ಕುಗಳ ಬಗ್ಗೆ ಅವುಗಳ ಯಜಮಾನರಿಂದ ಪ್ರಶ್ನಾವಳಿ ತುಂಬಿಸಿ ಅಧ್ಯಯನ ಪ್ರಕಟಿಸಿದರು. ಅದರಲ್ಲಿ ಮನುಷ್ಯರ ಮೇಲೆ ಸಿಡಿಮಿಡಿ ಮಾಡುವುದರಲ್ಲಿ ಟರ್ಕಿಶ್ ವಾನ್‌ಗೆ ಎದ್ದುಕಾಣುವಷ್ಟು ಹೆಚ್ಚು ಅಂಕ. ಇತರ ಬೆಕ್ಕುಗಳ ಜೊತೆ ಬೆರೆಯುವುದರಲ್ಲಿ ಕಡಿಮೆ ಅಂಕ. ಗುಂಪಿನಲ್ಲಿ ಇದನ್ನು ಹಾಕಿದಾಗ ಒಬ್ಬ ತಕ್ಷಣ ಬರೆದ: “ಹಾಗಾದರೆ ಅದು ಕೆಟ್ಟ ತಳಿ, ಬೇಡ.”

ನಾನು ವಾದ ಮಾಡುವುದು ಇಲ್ಲಿ. ಮೊದಲು ‘ಒಳ್ಳೆಯ ತಳಿ’ ಎಂದದ್ದೂ, ಆಮೇಲೆ ‘ಕೆಟ್ಟ ತಳಿ’ ಎಂದದ್ದೂ ಒಂದೇ ರೀತಿಯ ಯೋಚನೆ. ಆ ಅಧ್ಯಯನ ಹೇಳುವುದು ಸರಾಸರಿಯನ್ನು. ಸರಾಸರಿ ಯಾರ ಮಡಿಲಲ್ಲೂ ಬಂದು ಮಲಗುವುದಿಲ್ಲ, ಬಂದು ಮಲಗುವುದು ಒಂದು ಬೆಕ್ಕು. ವಂಶದ ಪಾಲು ಗುಣದಲ್ಲಿ ಇಲ್ಲವೆಂದು ನಾನು ಹೇಳುತ್ತಿಲ್ಲ, ಇದೆ. ಆದರೆ ಮರಿಯ ಎರಡನೆಯ ವಾರದಿಂದ ಏಳನೆಯ ವಾರದ ನಡುವೆ ಮನುಷ್ಯರ ಕೈ ಅದನ್ನು ಮೃದುವಾಗಿ ಮುಟ್ಟಿದೆಯೇ ಎನ್ನುವುದರ ಮೇಲೆ ಅದು ಜೀವಮಾನವಿಡೀ ಮನುಷ್ಯರನ್ನು ನಂಬುತ್ತದೆಯೇ ಎಂಬುದು ಬಹಳಷ್ಟು ನಿಂತಿದೆ. ಕೋಣೆಯಲ್ಲಿ ಒಂಟಿಯಾಗಿ ಕೂಡಿಟ್ಟರೆ, ಆಟವಿಲ್ಲದಿದ್ದರೆ, ಮಕ್ಕಳು ಬಾಲ ಹಿಡಿದು ಎಳೆದರೆ ಯಾವ ತಳಿಯೂ ಪರಚುತ್ತದೆ. ಪೂರ್ತಿ ಬಿಳಿ ಬೆಕ್ಕಿಗೆ ಇನ್ನೊಂದು ಸಂಗತಿಯೂ ಸೇರುತ್ತದೆ: ನೀಲಿ ಕಣ್ಣಿನ ಬಿಳಿ ಬೆಕ್ಕುಗಳಲ್ಲಿ ಕಿವುಡು ಹೆಚ್ಚು, ಒಂದೇ ಕಣ್ಣು ನೀಲಿಯಾದರೆ ಹಲವು ಬಾರಿ ಆ ಬದಿಯ ಕಿವಿ ಮಾತ್ರ ಕೇಳುವುದಿಲ್ಲ. ಕರೆದರೆ ತಿರುಗಿ ನೋಡದ ಬೆಕ್ಕನ್ನು ಸೊಕ್ಕಿನದ್ದು ಎಂದು ಬಿಡುತ್ತೇವೆ. ಅದಕ್ಕೆ ಕೇಳಿಸಿರುವುದೇ ಇಲ್ಲ.

ಊರು ಕೇಳಿ, ಹೆಸರು ಕೇಳಿ, ‘ಇವರೆಲ್ಲ ಹೀಗೇ’ ಎಂದು ತೀರ್ಮಾನಿಸುವವರನ್ನು ಬಾಡಿಗೆ ಮನೆ ಹುಡುಕುವಾಗ, ಬಸ್ಸಿನಲ್ಲಿ, ಇಂಟರ್ವ್ಯೂನಲ್ಲಿ ನಮ್ಮಲ್ಲಿ ಅನೇಕರ ಮನೆಯವರು ಎದುರಿಸಿದ್ದಾರೆ. ಆಗ ಆಗುವ ಬೇಸರ ಏನೆಂದು ನಮಗೆ ಗೊತ್ತು. ಬೆಕ್ಕನ್ನು ಮನುಷ್ಯನಿಗೆ ಹೋಲಿಸಿದೆ ಎಂದು ಯಾರೂ ಕೋಪಿಸಿಕೊಳ್ಳಬೇಡಿ. ಹೋಲಿಸುತ್ತಿರುವುದು ತೀರ್ಪು ಕೊಡುವ ಅಭ್ಯಾಸವನ್ನು.

ನಮ್ಮ ಪರಂಪರೆಯಲ್ಲಿ ಬೆಕ್ಕಿನ ಬಗ್ಗೆ ಬಂದಿರುವ ಮಾತುಗಳಲ್ಲಿ ತಳಿಯ ಪ್ರಸ್ತಾಪವೇ ಇಲ್ಲ ಎಂಬುದನ್ನು ಗಮನಿಸಿ. ಅಬೂ ಖತಾದ(ರ) ಅವರು ವುಝೂ ಮಾಡಲು ಕುಳಿತಾಗ ಬೆಕ್ಕೊಂದು ಬಂತು, ಅವರು ಪಾತ್ರೆಯನ್ನೇ ಓರೆಮಾಡಿ ಅದಕ್ಕೆ ಕುಡಿಯಲು ಕೊಟ್ಟರು. ಸೊಸೆ ಕಬ್ಶಃ ಅಚ್ಚರಿಯಿಂದ ನೋಡಿದಾಗ, ಬೆಕ್ಕು ಅಶುದ್ಧವಲ್ಲ, ನಿಮ್ಮ ನಡುವೆ ಸುತ್ತಾಡುವ ಜೀವ ಎಂಬ ಅರ್ಥದ ಪ್ರವಾದಿವರ್ಯರ(ಸ) ಮಾತನ್ನು ತಿಳಿಸಿದರು. ಬೆಕ್ಕನ್ನು ಕಟ್ಟಿಹಾಕಿ, ತಿನ್ನಲೂ ಕೊಡದೆ, ತಾನೇ ಹುಡುಕಿ ತಿನ್ನಲು ಬಿಡಲೂ ಇಲ್ಲದೆ ಸಾಯಿಸಿದ ಹೆಂಗಸಿನ ಹದೀಸ್ ನಮಗೆಲ್ಲ ಬಾಯಿಪಾಠ. ಅಬೂ ಹುರೈರಾ(ರ) ಎಂಬ ಹೆಸರೇ ಮರಿ ಬೆಕ್ಕಿನಿಂದ ಬಂದದ್ದು, ಆ ಮರಿಯ ಬಣ್ಣ ಯಾವುದೆಂದು ಯಾರೂ ಕೇಳಲಿಲ್ಲ. (ಮುಅಝ್ಝ ಎಂಬ ಬೆಕ್ಕಿನ ಕಥೆ ಹದೀಸ್ ಸಂಗ್ರಹಗಳಲ್ಲಿ ಇಲ್ಲ. ಅದನ್ನೂ ಫಾರ್ವರ್ಡ್ ಮಾಡುವ ಮೊದಲು ಯೋಚಿಸಿ.) ಬೆಕ್ಕಿನ ಬೆಲೆ ಪಡೆಯುವುದನ್ನು ತಡೆದ ಹದೀಸ್ ಸಹೀಹ್ ಮುಸ್ಲಿಮ್‌ನಲ್ಲಿ ಜಾಬಿರ್(ರ) ಅವರಿಂದ ಬಂದಿದೆ. ಹೆಚ್ಚಿನ ವಿದ್ವಾಂಸರು ಅದನ್ನು ಬೇರೆ ರೀತಿಯಲ್ಲಿ ಅರ್ಥೈಸಿ ಮಾರಾಟಕ್ಕೆ ಅನುಮತಿ ಕೊಟ್ಟಿದ್ದಾರೆ, ಕೆಲವರು ಕೊಟ್ಟಿಲ್ಲ. ಫತ್ವಾ ಕೊಡುವುದು ನನ್ನ ಕೆಲಸವಲ್ಲ, ಉಸ್ತಾದರನ್ನು ಕೇಳಿ. ಆದರೆ ಹಲವು ತಿಂಗಳ ಪಾಕೆಟ್ ಮನಿ, ಅದರ ಮೇಲೆ ಅಣ್ಣ ಗಲ್ಫ್‌ನಿಂದ ಕಳಿಸಿದ ದುಡ್ಡು ಸೇರಿಸಿ, ಕಾಗದಪತ್ರ ಒಂದೂ ಇಲ್ಲದ ‘ವಾನ್’ ಖರೀದಿಸುವ ಮುನ್ನ ಕೇಳುವುದು ಒಳ್ಳೆಯದು.

ಬೆಕ್ಕು ಬೇಡ ಎಂದು ನಾನು ಹೇಳುತ್ತಿಲ್ಲ. ಮಾರುವವರನ್ನು ಕೇಳಬೇಕಾದ ಪ್ರಶ್ನೆಗಳು ಬೇರೆ ಎನ್ನುತ್ತಿದ್ದೇನೆ. ತಾಯಿ ಬೆಕ್ಕನ್ನು ತೋರಿಸುತ್ತೀರಾ? ಮರಿಗೆ ಎಷ್ಟು ವಾರ? ಯಾರ ಕೈಯಲ್ಲಿ ಬೆಳೆದಿದೆ? ಚುಚ್ಚುಮದ್ದು ಆಗಿದೆಯೇ? ಬಿಳಿಯದಾದರೆ, ಬೆನ್ನ ಹಿಂದೆ ಚಪ್ಪಾಳೆ ತಟ್ಟಿದರೆ ತಿರುಗುತ್ತದೆಯೇ? ಮತ್ತೆ ನಿಮ್ಮನ್ನೇ ಕೇಳಿಕೊಳ್ಳಬೇಕಾದ ಒಂದು: ಸಿಇಟಿ ಮುಗಿದು ನೀವು ಹಾಸ್ಟೆಲಿಗೆ ಹೋದ ಮೇಲೆ ಆ ಉದ್ದ ಕೂದಲನ್ನು ಬಾಚುವವರು ಯಾರು? ಉಮ್ಮ ಎಂದು ಉತ್ತರವಾದರೆ, ಮೊದಲು ಉಮ್ಮನನ್ನು ಕೇಳಿ.

ಅಂದ ಹಾಗೆ, ಗ್ರಂಥಾಲಯದ ಮೆಟ್ಟಿಲಿನ ಕೆಳಗೆ ವಾಸಿಸುವ ಬಿಳಿ ಬೆಕ್ಕಿಗೆ ನೆತ್ತಿಯ ಮೇಲೆ ಎರಡು ಕೇಸರಿ ಮಚ್ಚೆ, ಬಾಲ ಪೂರ್ತಿ ಕೇಸರಿ. ಈ ತಿಂಗಳು ಮೂರು ಮರಿ ಹಾಕಿದೆ. ಒಂದರ ಕೂದಲು ಉಳಿದೆರಡಕ್ಕಿಂತ ಉದ್ದವಾಗಿ ಬರುತ್ತಿದೆ. ಅವುಗಳಿಗೆ ಈಗ ನಾಲ್ಕನೆಯ ವಾರ. ಮಧ್ಯಾಹ್ನದ ಬಿಡುವಿನಲ್ಲಿ ಕೈ ತೊಳೆದುಕೊಂಡು ಹೋಗಿ ಐದು ನಿಮಿಷ ಎತ್ತಿಕೊಳ್ಳಬಹುದು, ತಾಯಿ ಏನೂ ಮಾಡುವುದಿಲ್ಲ. ಎಂಟು ವಾರ ತುಂಬಿದ ಮೇಲೆ ಕೇಳಿದವರಿಗೆ ಕೊಡುವುದಾಗಿ ಕಾವಲಿನ ಕಾಕ ಹೇಳಿದ್ದಾರೆ.